ಐದನೆಯ ಸಂಜೆಯ ದೀಪ

“ಆ ಮಾಡಕ್ಕ ಕೈ ಹಚ್ಚಬ್ಯಾಡ್ರಿ,” ಎಂದು ಸೂಲಗಿತ್ತಿ ಉಡಚವ್ವ ಹೇಳಿದಾಗ ಜಯತೀರ್ಥನ ತುಟಿಗಳ ನಡುವೆ ಎರಡು ಮೊಳೆಗಳಿದ್ದವು. ನಗುವುದಕ್ಕಾಗಿ ಅವನು ಅವನ್ನು ತೆಗೆದು ಅಂಗೈಯಲ್ಲಿಟ್ಟುಕೊಳ್ಳಬೇಕಾಯಿತು.

“ಯಾಕ, ಕಚ್ತದೇನು?” ಎಂದ.

ಉಡಚವ್ವ ನಗಲಿಲ್ಲ. ಬಾಣಂತಿ ಕೋಣೆಯ ಹೊಸ್ತಿಲಾಚೆಯೇ ನಿಂತು, ಸೆರಗನ್ನು ಬಾಯಿಗೊತ್ತಿಕೊಂಡು ಹಿತ್ತಿಲ ಕಡೆಯ ಗೋಡೆಯನ್ನು ನೋಡುತ್ತಿದ್ದಳು. ಆ ಗೋಡೆಯಲ್ಲಿ ಎದೆಯೆತ್ತರಕ್ಕೆ ಒಂದು ಕಾಲದಲ್ಲಿ ದೀಪವಿಡುವ ಮಾಡವಿತ್ತು. ಈಗ ಮಣ್ಣು, ಸಗಣಿ ಮೆತ್ತಿ ಅದನ್ನು ಮುಚ್ಚಿದ್ದರು. ಸುಣ್ಣದ ಗೋಡೆಯಲ್ಲಿ ಅಷ್ಟು ಜಾಗ ಮಾತ್ರ ಕಂದಾಗಿ, ಮುಚ್ಚಿದ ಕಣ್ಣಿನ ರೆಪ್ಪೆಯ ಹಾಗೆ ಉಬ್ಬಿಕೊಂಡಿತ್ತು.

“ಕಚ್ಚೂದಿಲ್ರಿ,” ಎಂದಳು ಉಡಚವ್ವ. “ನೋಡತೈತಿ.”

ಜಯತೀರ್ಥ ಸವಣೂರಿನವನು, ಮುಂಬಯಿಯಲ್ಲಿ ವಿದ್ಯುತ್ತಿನ ಕೆಲಸ ಕಲಿತು ಬಂದವನು. ಕಣ್ಣಿಗೆ ಕಾಣದ ಕರೆಂಟನ್ನು ದಿನಾ ಕೈಯಲ್ಲಿ ಹಿಡಿದು ಆಡಿಸುವವನಿಗೆ ಕಣ್ಣಿಗೆ ಕಾಣದ ಮತ್ತಾವುದರ ಮೇಲೂ ನಂಬಿಕೆ ಇರಲಿಲ್ಲ ಎಂಬುದು ತಮಾಷೆಯ ಮಾತೇ ಸರಿ. ಅಪ್ಪ ಅವ್ವ ಪ್ಲೇಗಿನಲ್ಲಿ ಹೋದ ಮೇಲೆ ತಂಗಿ ಪದ್ಮಾಬಾಯಿಗೆ ಅವನೇ ಎರಡೂ ಆಗಿದ್ದ. ಅವಳ ಜಡೆ ಹೆಣೆದಿದ್ದ, ಜ್ವರ ಬಂದಾಗ ಗಂಜಿ ಕಾಯಿಸಿದ್ದ, ಮಾಸೂರಿನ ರಾಘಣ್ಣ ಕುಲಕರ್ಣಿಗೆ ಧಾರೆಯೆರೆದುಕೊಟ್ಟ ದಿನ ಛತ್ರದ ಹಿಂದೆ ನಿಂತು ಅತ್ತಿದ್ದ. ತನ್ನ ಮದುವೆಯ ಮಾತನ್ನು ಇಂದು ನಾಳೆ ಎಂದು ತಳ್ಳುತ್ತಲೇ ಬಂದಿದ್ದ.

ಪದ್ಮಾಬಾಯಿಗೆ ಹುಟ್ಟಿದ ಎರಡು ಕೂಸುಗಳೂ ಪುರುಡು ಕಳೆಯುವ ಮೊದಲೇ ತೀರಿಕೊಂಡಿದ್ದವು. ಎರಡನೆಯದು ಹೋದಾಗ ಜಯತೀರ್ಥ ಬಂದು ಆ ಕೋಣೆಯನ್ನು ಕಂಡಿದ್ದ. ಕಿಟಕಿಗೆ ಗೋಣಿತಟ್ಟು. ಮೂಲೆಯಲ್ಲಿ ಕೆಂಡದ ಅಗ್ಗಿಷ್ಟಿಕೆ. ಕಣ್ಣುರಿಸುವ ಹೊಗೆ, ಹಳಸಿದ ಹಾಲಿನ ವಾಸನೆ, ಹೆಬ್ಬೆರಳಿನಷ್ಟು ಉರಿಯುವ ಒಂದು ಔಡಲೆಣ್ಣೆಯ ಹಣತೆ. ಕೂಸು ನೀಲಿಗಟ್ಟಿದ್ದು ಯಾರಿಗೂ ಕಂಡಿರಲಿಲ್ಲ. ಬೆಳಗಾಗಿ ಬಾಗಿಲು ತೆರೆದಾಗಲೇ ಕಂಡದ್ದು. ಅವತ್ತೇ ಅವನು ಮನಸ್ಸಿನಲ್ಲಿ ಶಪಥ ಮಾಡಿದ್ದ. ಈಗ ಅವಳಿಗೆ ಮತ್ತೆ ದಿನ ತುಂಬಿತ್ತು. ಬಾಣಂತನ ಮಾಡಲು ತವರಿನಲ್ಲಿ ಹೆಂಗಸರಿಲ್ಲ. ತವರೆಂದರೆ ಅಣ್ಣನೊಬ್ಬನೇ, ಅವನ ಕೈಯಲ್ಲಿದ್ದದ್ದು ಇಕ್ಕಳ, ತಂತಿ. ಅದನ್ನೇ ಉಡಿ ತುಂಬಲು ತಂದಿದ್ದ.

ರಾಘಣ್ಣನೂ ಹೊಸ ಕಾಲದ ಮನುಷ್ಯ. ಹಳೆಯ ಮನೆಯ ಸೂರು ಬಿಚ್ಚಿಸಿ ಮಂಗಳೂರು ಹಂಚು ಹೊದಿಸುತ್ತಿದ್ದ. ಮುಳುಗಿಹೋದ ನಾಟಕ ಕಂಪನಿಯೊಂದರ ಎಂಜಿನ್ನು, ಡೈನಮೊ ಎರಡನ್ನೂ ಕೊಂಡು ತಂದು ಹಿತ್ತಿಲಲ್ಲಿ ತಗಡಿನ ಶೆಡ್ಡು ಕಟ್ಟಿಸಿದ್ದ.

ಪಡಸಾಲೆಯ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಜಯತೀರ್ಥ ಮನೆಯ ನಕ್ಷೆ ಬರೆದ. ಇಡೀ ಮನೆಗೆ ಎರಡು ಸರ್ಕ್ಯೂಟು. ಒಂದು ಮುಂದಿನ ಭಾಗಕ್ಕೆ: ತಲಬಾಗಿಲು, ಪಡಸಾಲೆ, ಅಟ್ಟದ ಕೋಣೆ, ಅಲ್ಲಿ ರಾಘಣ್ಣನ ರೇಡಿಯೊಗೊಂದು ಪ್ಲಗ್ಗು. ಇನ್ನೊಂದು ಹಿಂದಿನ ಭಾಗಕ್ಕೆ: ನಡುಮನೆ, ಅಡಿಗೆಮನೆ, ಬಚ್ಚಲು. ದೇವರಮನೆಗೆ ಮಾತ್ರ ರಾಘಣ್ಣನ ತಾಯಿ ಭಾಗೀರಥಿಬಾಯಿ ಒಪ್ಪಲಿಲ್ಲ. ಬಾಣಂತಿ ಕೋಣೆಗೆ ಎರಡು ದೀಪ, ಎರಡೂ ಸರ್ಕ್ಯೂಟಿನಿಂದ ಒಂದೊಂದು. ಯಾವ ಫ್ಯೂಸು ಹೋದರೂ ಆ ಕೋಣೆ ಕತ್ತಲಾಗಕೂಡದು. ಹೊಗೆ ಓಡಿಸಲು ಸಣ್ಣ ಫ್ಯಾನಿಗೊಂದು ಪ್ಲಗ್ಗು. ಇಡೀ ನಕ್ಷೆಯನ್ನು ಅವನು ಬರೆದದ್ದೇ ಆ ಒಂದು ಕೋಣೆಗಾಗಿ, ಉಳಿದದ್ದೆಲ್ಲ ನೆಂಟರಿಷ್ಟರಿಗೆ ಎಲೆ ಹಾಕಿದ ಹಾಗೆ.

ತೊಡಕಿದ್ದದ್ದು ಒಂದೇ. ಶೆಡ್ಡಿನಿಂದ ತಂತಿ ಒಳಗೆ ಬರಬೇಕಾದ ಹಿಂಗೋಡೆ ಎರಡು ಮೊಳ ದಪ್ಪದ ಕಲ್ಲಿನದು. ತೆಳುವಾಗಿದ್ದದ್ದು ಮಾಡದ ಜಾಗ ಮಾತ್ರ. ಅದನ್ನು ಆಚೆಯವರೆಗೆ ಒಡೆದು, ಹಿತ್ತಿಲ ಜಗಲಿಯ ಮಗ್ಗುಲಿಗೆ ಬೋರ್ಡು, ಮೇನ್ ಸ್ವಿಚ್ಚು ಕೂರಿಸಿ, ಅದೇ ತೂತಿನಿಂದ ಮನೆಗೆಲ್ಲ ತಂತಿ ಎಳೆಯುವುದೆಂದು ಗುರುತು ಹಾಕಿದ.

ಗುರುತು ನೋಡಿ ಭಾಗೀರಥಿಬಾಯಿ ನೆಲಕ್ಕೆ ಕುಸಿದು ಕುಳಿತರು. ಅವರೇ ಆ ಕತೆ ಹೇಳಿದ್ದು.

ಕೂಸು ಹುಟ್ಟಿದ ಐದನೆಯ ಸಂಜೆ ಹಣೆಬರಹ ಬರೆಯುವ ಸೆಟಿಗೆವ್ವನ ಪೂಜೆ. ಪೂಜೆಯ ದೀಪವನ್ನು ಸೂಲಗಿತ್ತಿ ಬುಟ್ಟಿಯಲ್ಲಿ ಮುಚ್ಚಿಕೊಂಡು ತನ್ನ ಮನೆಗೆ ಒಯ್ಯುತ್ತಾಳೆ. ಆ ಹೊತ್ತಿಗೆ ಮನೆಯ ದೀಪಗಳನ್ನೆಲ್ಲ ಆರಿಸಿ ಎಲ್ಲರೂ ಗೋಡೆಗೆ ಮುಖ ಮಾಡಿ ಕೂರಬೇಕು. ಆ ದೀಪ ಯಾರ ಕಣ್ಣಿಗೂ ಬೀಳಬಾರದು, ಬಿದ್ದರೆ ಕೂಸಿಗೆ ಉಳಿವಿಲ್ಲ. ಭಾಗೀರಥಿಬಾಯಿಯ ಅತ್ತೆಗೆ ಗೋಪಿಕಾಬಾಯಿ ಎಂಬ ಸವತಿಯಿದ್ದಳು, ಹಿರಿಯ ಹೆಂಡತಿ. ಬಹಳ ಕಾಲಕ್ಕೆ ಅವಳೊಂದು ಕೂಸು ಹೆತ್ತಳು. ಐದನೆಯ ಸಂಜೆ ಬುಟ್ಟಿ ಹಿತ್ತಿಲು ದಾಟುವಾಗ ಯಾರೋ ಮುಚ್ಚಳ ಎತ್ತಿ ನೋಡಿದರು. ಯಾರೆಂಬುದನ್ನು ಆ ಮನೆ ಇಂದಿಗೂ ಬಾಯಿಬಿಟ್ಟಿಲ್ಲ. ಬೆಳಗಾಗುವಷ್ಟರಲ್ಲಿ ಕೂಸು ಹೋಗಿತ್ತು.

“ಆಮ್ಯಾಲೆ ಆಕಿ ಹಾನಗಲ್ ಕಡೆ ಒಬ್ಬ ಮಾಟಗಾರನ ಹತ್ರ ಹೋದ್ಲು,” ಎಂದರು ಭಾಗೀರಥಿಬಾಯಿ. “ಅದs ದೀಪ ತಂದು, ತನ್ನ ಕೂದಲಾ ಸುತ್ತಿ, ಆ ಮಾಡದಾಗ ಇಟ್ಲು. ಅನ್ನ ನೀರು ಬಿಟ್ಟು ಅದನ್ನ ನೋಡ್ಕೋತನs ಜೀವಾ ಬಿಟ್ಲು. ನನ್ನ ಕೂಸಿನ ದೀಪಾ ನೋಡಿದ್ರಿ, ಇನ್ನ ಈ ಮನ್ಯಾಗಿನ ಪ್ರತಿಯೊಂದು ಕೂಸಿನ ದೀಪಾ ನಾ ನೋಡ್ತೇನಿ ಅಂದಿದ್ಲಂತ. ಮಾಡಾ ಮುಚ್ಚಿದ ಮ್ಯಾಲೆನs ನಮ್ಮ ರಾಘಣ್ಣ ಉಳಿದಾಂವ. ಪದ್ಮಾನ ಎರಡೂ ಬಾಣಂತನದಾಗ ಮಳೀಗೆ ಅದು ಬಿರುಕು ಬಿಟ್ಟಿತ್ತು, ಯಾರೂ ನೋಡಲಿಲ್ಲ.”

“ಮಳೀಗೆ ಮಣ್ಣು ಬಿರೀತದ. ಹೊಗೀಗೆ ಕೂಸು ಸಾಯ್ತದ,” ಎಂದ ಜಯತೀರ್ಥ. “ಎರಡಕ್ಕೂ ಗಂಟು ಹಾಕಿದವರು ನೀವು.”

ರಾಘಣ್ಣ ತಾಯಿಯ ಮುಖ ನೋಡಿದ, ಭಾವನ ಮುಖ ನೋಡಿದ, ಹಂಚಿನ ಕೆಲಸದವರ ಕಡೆ ಹೋಗಿಬಿಟ್ಟ. ಮಧ್ಯಾಹ್ನ ಪದ್ಮಾಬಾಯಿ ಭಾರವಾದ ಹೊಟ್ಟೆ ಹಿಡಿದುಕೊಂಡು ಅಣ್ಣನ ಬಳಿ ಬಂದಳು.

“ಅಣ್ಣಾ, ಬ್ಯಾರೆ ಕಡೆ ತೂತು ಹೊಡೀಲಿಕ್ಕೆ ಬರೂದಿಲ್ಲೇನು?”

“ಬರೂದಿಲ್ಲ ಪದ್ಮಾ. ಎರಡು ಸಲ ನೀ ಕತ್ತಲದಾಗ ಹಡದಿ. ಈ ಸಲ ನಿನ್ನ ಕೂಸಿನ ಮಾರಿ ನಾ ಬೆಳಕಿನಾಗ ನೋಡಬೇಕು.”

ಅವಳು ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಅಣ್ಣ ಹೇಳಿದ್ದು ತಪ್ಪಾದದ್ದು ಅವಳ ಅನುಭವದಲ್ಲೇ ಇರಲಿಲ್ಲ.

ಸುತ್ತಿಗೆಯ ನಾಲ್ಕು ಪೆಟ್ಟಿಗೆ ಮಣ್ಣು ಕಳಚಿ ಬಿತ್ತು. ಒಳಗಿನಿಂದ ಬಂದ ಗಾಳಿಗೆ ಅವನು ಮುಖ ಹಿಂದೆಳೆದುಕೊಂಡ. ಔಡಲೆಣ್ಣೆ, ಸುಟ್ಟ ಕೂದಲು, ಅದರ ಕೆಳಗೆ ಎದೆಹಾಲಿನ ಸಿಹಿಯಾದ ಕಮಟು. ಕೈ ಹಾಕಿದರೆ ಒಂದು ಕಬ್ಬಿಣದ ಹಣತೆ ಸಿಕ್ಕಿತು. ಸುತ್ತಲೂ ಉದ್ದನೆಯ ಹೆಣ್ಣುಗೂದಲು ಬಿಗಿದು ಸುತ್ತಿತ್ತು. ಅಷ್ಟು ವರ್ಷವಾದರೂ ಬತ್ತಿ ಒದ್ದೆಯಾಗಿತ್ತು. ಅವನು ಹಣತೆಯನ್ನು ತಿಪ್ಪೆಗೆಸೆದು ಕೈ ತೊಳೆದುಕೊಂಡ. ಸೀಗೆಪುಡಿ ಹಾಕಿ ಮತ್ತೆ ತೊಳೆದ. ಉಣ್ಣಲು ಕುಳಿತಾಗಲೂ ಬೆರಳುಗಳಲ್ಲಿ ಆ ಕಮಟು ಇತ್ತು.

ಸಾಗವಾನಿ ಪಟ್ಟಿಗಳ ಮೇಲೆ ತಂತಿ ಓಡಿತು, ಪಿಂಗಾಣಿ ಫ್ಯೂಸು, ಹಿತ್ತಾಳೆ ಸ್ವಿಚ್ಚು ಕುಳಿತವು. ಎಂಜಿನ್ ನೋಡಿಕೊಳ್ಳುವ ಅಲ್ಲಾಭಕ್ಷನಿಗೆ ಶೆಡ್ಡಿನಲ್ಲೊಂದು ದೀಪ ಬೇಕಿತ್ತು. ಅದಕ್ಕಾಗಿ ಒಳಗಿನಿಂದ ತಂತಿ ಹಿಂದಕ್ಕೆ ತರುವುದೇಕೆಂದು ಡೈನಮೊದಿಂದ ನೇರವಾಗಿಯೇ ಕವಲು ಕೊಟ್ಟ. ಮೇನ್ ಸ್ವಿಚ್ಚು ಆರಿಸಿದರೂ ಎಂಜಿನ್ನಿನ ಬಳಿ ಬೆಳಕಿರಬೇಕು, ಅದು ಅವನ ಕಸುಬಿನ ರೂಢಿ. ಆ ಸಂಜೆ ದೀಪಗಳು ಹತ್ತಿದಾಗ ಮಾಸೂರಿನ ಅರ್ಧ ಊರು ಕುಲಕರ್ಣಿಯವರ ಅಂಗಳದಲ್ಲಿ ನಿಂತು ಬಾಯಿ ತೆರೆದು ನೋಡಿತು.

ಅದೇ ಬೆಳಕಿನಲ್ಲಿ ಪದ್ಮಾಬಾಯಿ ಹೆಣ್ಣು ಕೂಸು ಹೆತ್ತಳು. ಸುಸೂತ್ರ ಹೆರಿಗೆ. ಜಯತೀರ್ಥ ಜಗಲಿಯಲ್ಲಿ ನಿಂತು ಅದರ ಅಳು ಕೇಳಿದ, ಕೇಳಿ ತಾನೂ ಅತ್ತ. ಒಳಗೆ ಹೋಗಿ ನೋಡುವಂತಿರಲಿಲ್ಲ. ಪುರುಡು ಕಳೆಯಲಿ, ಹನ್ನೆರಡನೆಯ ದಿನ ನಿನ್ನ ತೊಡೆಯ ಮೇಲೇ ಹಾಕುತ್ತೇವೆ ಎಂದರು ಭಾಗೀರಥಿಬಾಯಿ.

ಆದರೆ ಸಂಜೆಯಾಯಿತೆಂದರೆ ಆ ಕೋಣೆಯ ಎರಡು ದೀಪಗಳೂ ಒಮ್ಮೆ ಮಂಕಾಗುತ್ತಿದ್ದವು. ಯಾರೋ ಮುಂದೆ ಹಾದುಹೋದಂತೆ. ಎರಡು ಬೇರೆ ಸರ್ಕ್ಯೂಟು, ಎರಡು ಬೇರೆ ಫ್ಯೂಸು; ಮನೆಯ ಉಳಿದ ದೀಪಗಳು ಮಿಸುಕುತ್ತಲೂ ಇರಲಿಲ್ಲ. ಅವನು ಜೋಡುಗಳನ್ನೆಲ್ಲ ಬಿಚ್ಚಿ ಕಟ್ಟಿದ, ಎಂಜಿನ್ನಿನ ಪಟ್ಟಾ ಬಿಗಿಸಿದ. ಬೋರ್ಡಿಗೆ ಕಿವಿಗೊಟ್ಟರೆ ತೂತಿನೊಳಗೆ ಏನೋ ಗುಂಯ್‌ಗುಟ್ಟುತ್ತಿತ್ತು. ತಂತಿಯ ನಾದವೆಂದುಕೊಂಡ. ಅದಕ್ಕೆ ಜೋಗುಳದ ಏರಿಳಿತವಿತ್ತು.

ನಾಲ್ಕನೆಯ ದಿನ ಪದ್ಮಾಬಾಯಿ ಬಾಗಿಲ ಮರೆಯಿಂದ ಕರೆದಳು. “ಅಣ್ಣಾ, ಬೆಳಕು ಭಾಳ ಚಲೋ ಅದ. ಆದ್ರ ಗ್ವಾಡಿಯೊಳಗ ಯಾರೋ ಉಸಿರಾಡ್ಲಿಕ್ಕತ್ತಾರ. ನಾಳೆ ದೀಪಾ ಒಯ್ಯೋ ಮುಂದ ಅಷ್ಟು ಎಲ್ಲಾ ಬಂದ್ ಮಾಡ್ತೀಯೇನು? ನನ್ನ ಸಲುವಾಗಿ.”

“ಮಾಡ್ತೇನಿ. ನಿನ್ನಾಣಿ.”

ಐದನೆಯ ಸಂಜೆ ಬಂತು. ಪೂಜೆಯಾಯಿತು. ಎಂಜಿನ್ ನಿಲ್ಲಿಸಿದರೆ ಮತ್ತೆ ಕಾಯಿಸಿ, ಸುತ್ತಿ ಎಬ್ಬಿಸುವುದು ದೊಡ್ಡ ರಗಳೆ. ಮೇನ್ ಸ್ವಿಚ್ಚು ಆರಿಸಿದರೆ ಸಾಕೆಂದು ಜಯತೀರ್ಥ ಅದನ್ನು ಓಡಲು ಬಿಟ್ಟ. ಅಲ್ಲಾಭಕ್ಷ ಸಂಜೆಯ ನಮಾಜಿಗೆ ಹೋಗಿದ್ದ. ರಾಘಣ್ಣ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತ, ಕೋಣೆಯೊಳಗೆ ಅತ್ತೆ ಸೊಸೆ ಹಾಗೇ ಕುಳಿತರು. ಜಯತೀರ್ಥ ಜಗಲಿಯ ಬೋರ್ಡಿನೆದುರು ನಿಂತು ಹಿಡಿಕೆ ಕೆಳಗೆಳೆದ. ಮನೆಗೆ ಮನೆಯೇ ಕತ್ತಲಾಯಿತು. ಅವನ ಬೆನ್ನ ಹಿಂದೆ ಉಡಚವ್ವ ಬುಟ್ಟಿ ಹೊತ್ತು ಹಿತ್ತಿಲಿಗಿಳಿದಳು. ಅವಳ ಬರಿಗಾಲಿನ ಸದ್ದು ಮೆಟ್ಟಿಲಿಳಿದು ಮಣ್ಣಿಗೆ ತಾಗಿತು.

ಆಗ ಅವನ ಎದುರಿನ ಪಿಂಗಾಣಿ ಫ್ಯೂಸಿನ ಮೇಲೆ ಹಳದಿ ಹೊಳಪೊಂದು ಕಂಡಿತು.

ಶೆಡ್ಡಿನ ದೀಪ.

ತಾನೇ ಕೊಟ್ಟ ಕವಲು. ಆರಿಸಲು ಅಲ್ಲಿ ಯಾರೂ ಇಲ್ಲ. ತಂಗಿಯ ಮೇಲೆ ಆಣೆ ಇಟ್ಟು ಕತ್ತಲು ಮಾಡುತ್ತೇನೆಂದಿದ್ದ, ಹಿತ್ತಿಲು ಹಗಲಾಗಿತ್ತು. ಓಡಿಹೋಗಿ ಆರಿಸಬೇಕೆಂದು ತಿರುಗಿದ.

ಉಡಚವ್ವ ಹಿತ್ತಿಲ ನಡುವೆ ನಿಂತುಬಿಟ್ಟಿದ್ದಳು. ಅವಳ ನೆರಳು ಉದ್ದಕ್ಕೆ ಜಗಲಿಯವರೆಗೆ ಚಾಚಿತ್ತು. ಒಂದೇ ನೆರಳಿರಬೇಕಿತ್ತು. ಎರಡಿದ್ದವು.

ಎರಡನೆಯದಕ್ಕೆ ಕೂದಲು ಬಿಚ್ಚಿತ್ತು. ಅದು ಬಾಗಿತು. ಬುಟ್ಟಿಯ ಮೇಲಿನ ಬಟ್ಟೆಯ ಅಂಚು ಮೆಲ್ಲಗೆ ಮೇಲೆದ್ದಿತು. ಕೈಯಿಲ್ಲ. ಗಾಳಿಯಿಲ್ಲ. ಬಟ್ಟೆ ಏಳುತ್ತಿದೆ. ಔಡಲೆಣ್ಣೆಯ ವಾಸನೆ. ಎದೆಹಾಲಿನ ಕಮಟು. ಅವನು ಓಡಿದ. ಶೆಡ್ಡಿಗಲ್ಲ, ಬುಟ್ಟಿಯ ಕಡೆಗೆ. ನೆರಳನ್ನು ತುಳಿದ. ಐಸಿನಷ್ಟು ತಂಪು. ಬಟ್ಟೆ ಜಾರಿತು. ಉರಿ ಕಂಡಿತು. ಪುಟ್ಟ, ನೆಟ್ಟಗಿನ, ಕದಲದ ಉರಿ. ಅವನು ಅದನ್ನು ನೋಡಿದ. ಕಣ್ಣು ತುಂಬ ನೋಡಿದ.

ಒಳಗೆ ಕೂಸಿನ ಅಳು ನಿಂತಿತು.

“ಅಣ್ಣಾ,” ಪದ್ಮಾಬಾಯಿಯ ದನಿ ಗೋಡೆಯ ತೂತಿನಿಂದ ಬಂತು. “ಅಣ್ಣಾ, ಕೂಸು ಅಳವಲ್ತು. ತಣ್ಣಗಾಗ್ಲಿಕ್ಕತ್ತದ.”

ಉಡಚವ್ವನ ಕಣ್ಣುಗಳು ಬಿಗಿಯಾಗಿ ಮುಚ್ಚಿದ್ದವು. ತುಟಿಗಳಷ್ಟೇ ಅಲುಗಿದವು.

“ಆಕಿಗಿಂತ ಮೊದಲ ನೀವು ಕಂಡ್ರಿ. ಅದಕ್ಕs ಇನ್ನೂ ಒಂದೀಟು ಉಸಿರೈತಿ. ಕಂಡಾಂವ ಹೊರಬೇಕ್ರಿ. ಬುಟ್ಟಿ ತಗೊಂಡು ಗಡಿ ದಾಟ್ರಿ, ಹೊಳ್ಳಿ ನೋಡಬ್ಯಾಡ್ರಿ. ಈ ಮನಿ ಮೆಟ್ಟಬ್ಯಾಡ್ರಿ. ತಾಯಿ ಮಗಳ ಮಾರಿ ನೋಡಬ್ಯಾಡ್ರಿ. ನೀವು ಹೊಳ್ಳಿದ್ರ ಕೂಸಿನ ಸಾವೂ ಹೊಳ್ಳತೈತಿ.”

“ಎಲ್ಲೀಮಟ?”

“ನೀವಿರೂಮಟ.”

ಯಾವುದಕ್ಕೂ ಕಾರಣ ಕೇಳದೆ ಬಿಡದವನು ಅವತ್ತು ಅದನ್ನು ಕೇಳಲಿಲ್ಲ. ಬುಟ್ಟಿ ಕಿತ್ತುಕೊಂಡ. ಚಪ್ಪಲಿಯಿಲ್ಲದೆ, ಅಂಗಿಯ ಗುಂಡಿ ಹಾಕದೆ ನಡೆದ. ಹಿತ್ತಿಲ ಬಾಗಿಲು. ಓಣಿ. ಕಾಲುವೆಯ ಏರಿ. ಬುಟ್ಟಿ ಕಾಯ್ದು ಹೊಗೆಯಾಡಿತು, ಹಣತೆಯನ್ನು ಬರಿಗೈಯಲ್ಲಿ ಹಿಡಿದ. ಚರ್ಮ ಸುಡುತ್ತಿತ್ತು. ಬಿಡಲಿಲ್ಲ. ಭತ್ತದ ಗದ್ದೆಗಳ ಮೇಲಿನಿಂದ ಬೀಸಿದ ಗಾಳಿಗೆ ಉರಿ ಬಾಗಲೂ ಇಲ್ಲ. ಹಿಂದೆ ಹೆಜ್ಜೆಗಳು. ಕಾಲುಂಗುರ ಕಲ್ಲಿಗೆ ತಾಗುವ ಸದ್ದು. ಅವನು ಬೇಗ ನಡೆದರೆ ಬೇಗ. ನಿಂತರೆ ನಿಲ್ಲುತ್ತಿದ್ದವು. ಕುತ್ತಿಗೆಯ ಮೇಲೆ ಉಸಿರು.

“ನನ್ನ ಕೂಸಿನ್ನ ಕಂಡಿಯೇನು?”

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಹುಡುಕಿ ಹುಡುಕಿ ಸೋತ ದನಿ. ಪ್ರತಿ ದೀಪವನ್ನೂ ಎತ್ತಿ ನೋಡಿ, ಇದು ನನ್ನದಲ್ಲ ಎಂದು ಬಿಟ್ಟು ಹೋಗುತ್ತಿದ್ದ ತಾಯಿ. ಅವಳು ಬಿಟ್ಟ ಕೂಸು ಉಳಿಯುವುದಿಲ್ಲವೆಂಬುದು ಅವಳಿಗೆ ಗೊತ್ತಿತ್ತೋ ಇಲ್ಲವೋ. ಜಯತೀರ್ಥನಿಗೆ ಭಯ ಹೋಗಿ ದುಃಖ ಉಕ್ಕಿಬಂತು.

“ಇಲ್ಲವ್ವಾ,” ಎಂದ, ಹಿಂದೆ ನೋಡದೆ. “ನಾನೂ ನೋಡಿಲ್ಲ. ನನಗೂ ತೋರಿಸಲಿಲ್ಲ.”

ಹೆಜ್ಜೆಗಳು ನಿಂತವು. ಗಡಿಯ ಕಲ್ಲು ದಾಟಿದಾಗ ಉರಿ ತಾನಾಗಿಯೇ ಆರಿತು.

ಮರುದಿನ ಹಂಸಭಾವಿಯ ದಾರಿಯಲ್ಲಿ ಮರದ ಕೆಳಗೆ ಕುಳಿತಿದ್ದವನನ್ನು ಉಡಚವ್ವ ಹುಡುಕಿಕೊಂಡು ಬಂದಳು. ತಲೆಯ ಮೇಲೆ ಅವನ ಸಾಮಾನಿನ ಪೆಟ್ಟಿಗೆಯಿತ್ತು.

“ಕೂಸು ಹಾಲು ಕುಡೀತ್ರಿ,” ಎಂದಳು. ಅವನು ಸುಟ್ಟ ಕೈಗಳಿಂದ ಮುಖ ಮುಚ್ಚಿಕೊಂಡ. ತಂತಿಗಳನ್ನೆಲ್ಲ ಕಿತ್ತು ಮಾಡವನ್ನು ಮತ್ತೆ ಮುಚ್ಚಿದರೆಂದು ಅವಳೇ ಹೇಳಿದಳು.

“ಪದ್ಮಾಗ ಏನ್ ಹೇಳಿದ್ರಿ?”

“ನೀವು ಕೆಲಸಕ್ಕಂತ ಮುಂಬೈಗೆ ಹ್ವಾದ್ರಿ ಅಂತ. ಖರೇ ಹೇಳಿದ್ರ ಆಕಿ ಸುಮ್ಮನಿರ್ತಾಳೇನ್ರಿ? ಕೂಸಿನ್ನ ಕಟ್ಕೊಂಡು ನಿಮ್ಮನ್ನ ಹುಡುಕ್ಕೋಂತ ಬರ್ತಾಳ.”

ಅವನು ಸವಣೂರು ಬಿಟ್ಟ. ಹಾನಗಲ್ಲಿನಲ್ಲಿ ಒಂದು ಕೋಣೆ ಹಿಡಿದು ಗಿರಣಿಗಳ ಎಂಜಿನ್, ಟಾಕೀಸಿನ ಡೈನಮೊ ರಿಪೇರಿ ಮಾಡಿಕೊಂಡು ಉಳಿದ. ಮೊದಲ ವರ್ಷ ಪ್ರತಿದಿನವೂ ವಾದ ಮಾಡಿದ, ತನ್ನೊಡನೆಯೇ. ಹೊಗೆ, ಭ್ರಮೆ, ಕೂಸಿಗೆ ಒಂದು ಗಳಿಗೆ ಉಸಿರು ಕಟ್ಟಿರಬೇಕು, ಅಷ್ಟೇ. ಸುಳ್ಳೋ ನಿಜವೋ ತಿಳಿಯಲು ದಾರಿ ಒಂದೇ: ಮಾಸೂರಿಗೆ ಹೋಗಿ ಬಾಗಿಲು ತಟ್ಟುವುದು. ಹಿರೇಕೆರೂರಿನ ಬಸ್ಸು ಹತ್ತಿ, ಎರಡು ಸಲ ನಡುದಾರಿಯಲ್ಲೇ ಇಳಿದುಬಂದ. ತಾನು ಸರಿಯಾಗಿದ್ದರೆ ತಂಗಿ ಸಿಗುತ್ತಾಳೆ. ತಪ್ಪಾಗಿದ್ದರೆ ಕೂಸು ಹೋಗುತ್ತದೆ. ಅಂಥ ಪಂಥ ಕಟ್ಟುವವನು ಅಣ್ಣನಾಗಿರುವುದಿಲ್ಲ. ನಂಬಿಕೆಯಿಲ್ಲದವನು ನಂಬಿದವರಿಗಿಂತ ಹೆಚ್ಚು ನಿಷ್ಠೆಯಿಂದ ಆ ಕಟ್ಟಳೆಯನ್ನು ನಡೆಸಿದ.

ನಾಲ್ಕೈದು ವರ್ಷ ಕಳೆದವು. ಯುದ್ಧದ ಕಾಲ. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನಿಂದ ಓಡುತ್ತಿದ್ದವು. ಶಿಗ್ಗಾವಿಯಲ್ಲಿ ಒಂದು ದಿನ, ಬಸ್ಸಿನ ಒಲೆಗೆ ಇದ್ದಿಲು ತುಂಬುವುದನ್ನು ಕಾಯುತ್ತ ಅವನು ಬೇವಿನ ಮರದ ಕಟ್ಟೆಯ ಮೇಲೆ ಕುಳಿತಿದ್ದ. ಬೆನ್ನ ಹಿಂದೆ ಹೆಂಗಸಿನ ದನಿ ಕೇಳಿತು.

“ಅಣ್ಣಾ?”

ಅವನ ಬೆನ್ನು ಕಲ್ಲಾಯಿತು. ತಿರುಗಲಿಲ್ಲ.

“ಅಣ್ಣಾ, ನೀ ಏನು? ನಾ ಪದ್ಮಾ.”

ಓಡಿದರೆ ತಾನೇ ಎಂದು ಒಪ್ಪಿಕೊಂಡಂತೆ. ಮಾತಾಡಿದರೆ ದನಿ ಗುರುತು ಸಿಗುತ್ತದೆ. ಅವನು ಉಸಿರು ಹಿಡಿದು ಕುಳಿತ. ಆಗ ಪುಟ್ಟ ಹೆಜ್ಜೆಗಳು ಕಟ್ಟೆಯನ್ನು ಸುತ್ತಿ ಅವನ ಎದುರಿಗೇ ಓಡಿಬಂದವು. ಅವನು ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿಕೊಂಡ. ಪುಟ್ಟ ಉಸಿರೊಂದು ಮುಖಕ್ಕೆ ತಾಗಿತು. ಕೊಬ್ಬರಿ ಎಣ್ಣೆಯ ವಾಸನೆ, ಬೆಲ್ಲದ ವಾಸನೆ. ಒಂದು ರೆಪ್ಪೆ ಎತ್ತಿದರೆ ಸಾಕಿತ್ತು.

“ಅವ್ವಾ,” ಎಂದಿತು ಹುಡುಗಿಯ ದನಿ. “ಇವರಿಗೆ ಕಣ್ಣಿಲ್ಲ.”

“ಹಂಗಾರ ನಿಮ್ಮ ಮಾಮಾ ಅಲ್ಲ, ಬಾ,” ಎಂದಳು ಪದ್ಮಾಬಾಯಿ. ಅವಳ ದನಿ ದಣಿದಿತ್ತು. “ನಮ್ಮಣ್ಣ ಆಗಿದ್ರ ಕರದ ಕೂಡ್ಲೆ ಹೊಳ್ಳಿ ನೋಡ್ತಿದ್ದ.”

ಹುಡುಗಿ ತಕ್ಷಣ ಹೋಗಲಿಲ್ಲ. ಅವನ ಸುಟ್ಟ ಅಂಗೈ ಬಿಡಿಸಿ, ಏನನ್ನೋ ಇಟ್ಟು, ಕುರುಡರಿಗೆ ಮಾಡುವಂತೆ ಒಂದೊಂದೇ ಬೆರಳು ಮಡಚಿತು. ಆಮೇಲೆ ಅವ್ವನ ಕಡೆ ಓಡಿತು. ಬಸ್ಸು ಕೆಮ್ಮುತ್ತ ಹೊರಟಿತು.

ಸದ್ದು ಪೂರ್ತಿ ಅಡಗುವವರೆಗೆ ಜಯತೀರ್ಥ ಕಣ್ಣು ತೆರೆಯಲಿಲ್ಲ. ಕೈಯಲ್ಲಿ ಒಂದಿಷ್ಟು ಹುರಿದ ಶೇಂಗಾ ಇದ್ದವು. ಅವು ಇನ್ನೂ ಬೆಚ್ಚಗಿದ್ದವು.